ಹದಿನೆಂಟು ಮಂದಿ ಹೋದರು, ಹದಿನೆಂಟು ಮಂದಿ ಬಂದರು

ಕಳೆದ ದೀಪಾವಳಿಗೆ ಇನ್ನೂ ಇಪ್ಪತ್ತು ದಿನ ಇರುವಾಗ ಬ್ಯಾಡಗಿಯಿಂದ ಅಣ್ಣನ ಮಗಳ ಫೋನು ಬಂತು. ‘ಕಾಕಾ, ಈ ಸಲ ಹಬ್ಬಕ್ಕ ಬಂದಾಗ ಎಲ್ಲಾರೂ ಕೂಡಿ ಗೋಕರ್ಣಕ್ಕ ಹೋಗೂಣು. ನಸುಕಿನ್ಯಾಗ ಹೊಂಟು ರಾತ್ರಿಗೆ ವಾಪಸ್. ಪ್ಲಾನ್ ಮಾತ್ರ ನೀನ ಮಾಡಬೇಕು. ನಿನ್ನ ಪ್ಲಾನ್ ಅಂದ್ರ ಮನ್ಯಾಗ ಇವತ್ತಿಗೂ ಹೇಳ್ತಾರ, ಹದಿನೆಂಟು ಮಂದಿ ಹೋದ್ರು, ಹದಿನೆಂಟು ಮಂದಿ ಬಂದ್ರು ಅಂತ.’

‘ನೋಡೂಣು’ ಎಂದು ಫೋನಿಟ್ಟೆ. ಅವಳಿಗೆ ನನ್ನ ದನಿಯಲ್ಲಿ ಏನೂ ವ್ಯತ್ಯಾಸ ಕೇಳಿಸಿರಲಿಕ್ಕಿಲ್ಲ. ಆ ಮಾತನ್ನು ಕೇಳಿ ಸುಮ್ಮನಿರುವುದು ನನಗೆ ಮೂವತ್ತು ವರ್ಷಗಳ ಅಭ್ಯಾಸ.

ನವಿ ಮುಂಬೈಯಲ್ಲಿರುವವನಿಗೆ ಸಮುದ್ರ ನೋಡಲು ಪ್ಲಾನ್ ಬೇಕಾಗುವುದಿಲ್ಲ. ಲೋಕಲ್ ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿದರೆ ಮರೀನ್ ಡ್ರೈವಿಗೆ ನಡೆದೇ ಹೋಗಬಹುದು. ಇವತ್ತು ಆಗದಿದ್ದರೆ ಮುಂದಿನ ಭಾನುವಾರ. ಆದರೆ ಬ್ಯಾಡಗಿಯಂಥ ಒಳನಾಡಿನ ಪೇಟೆಗೆ ಸಮುದ್ರ ಎಂದರೆ ವರ್ಷಕ್ಕೊಮ್ಮೆ, ಕೆಲವರಿಗೆ ಜನ್ಮಕ್ಕೊಮ್ಮೆ ಬರುವ ದಿನ. ಹಾನಗಲ್, ಶಿರಸಿ, ದೇವಿಮನೆ ಘಟ್ಟ, ಕುಮಟಾ ದಾಟಿ ಗೋಕರ್ಣ ಮುಟ್ಟಲು ಸುಮಾರು 160 ಕಿಲೋಮೀಟರ್. ಅಷ್ಟೇ ವಾಪಸ್. ನಮ್ಮೂರು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅಡುಗೆಗೆ ಖಾರಕ್ಕಿಂತ ಬಣ್ಣ ಹೆಚ್ಚು ಕೊಡುವ, ಸುಕ್ಕು ಸುಕ್ಕಾದ ಕೆಂಪು ಮೆಣಸಿನಕಾಯಿ ನಮ್ಮೂರ ಹೆಸರಿನದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಸುಗ್ಗಿಯಲ್ಲಿ ಊರ ಗಾಳಿಯೇ ಘಾಟು. ಹಮಾಲರು ಚೀಲ ಹೊರುತ್ತಾರೆ, ಹೆಂಗಸರು ಕೂಲಿಗೆ ತೊಟ್ಟು ಮುರಿಯುತ್ತಾರೆ. ಸಂಜೆ ಆ ಕೈ ಕಣ್ಣಿಗೆ ತಾಗಿದರೆ ಮುಗಿಯಿತು. ಇಂಥ ಊರಿನವರಿಗೆ ಒಂದು ದಿನ ಉಪ್ಪುಗಾಳಿಯಲ್ಲಿ ನಿಲ್ಲುವುದು ಎಂದರೆ ಏನು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

1994ರ ಡಿಸೆಂಬರ್. ನನಗೆ ಇಪ್ಪತ್ತಮೂರು ವರ್ಷ. ಅಪ್ಪ ಅಡತಿ ಅಂಗಡಿಯಲ್ಲಿ ಗುಮಾಸ್ತ. ಅವನು ಕೊಟ್ಟ ಹಳೆಯ ಕೀರ್ದಿ ಪುಸ್ತಕದ ಹಾಳೆಯೊಂದರಲ್ಲಿ ನಾನು ಇಡೀ ಪ್ರವಾಸವನ್ನು ಬರೆದಿದ್ದೆ. ನಸುಕಿನ ಮೂರಕ್ಕೆ ಮೆಟಡಾರ್ ಬಿಡುವುದು. ಆರಕ್ಕೆ ಶಿರಸಿಯಲ್ಲಿ ಚಹಾ. ಒಂಬತ್ತರ ಸುಮಾರಿಗೆ ಗೋಕರ್ಣ. ಹನ್ನೊಂದೂವರೆಯ ತನಕ ಮಹಾಬಲೇಶ್ವರನ ದರ್ಶನ, ಆಮೇಲೆ ಬುತ್ತಿ: ಕಟಕ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಮೊಸರನ್ನ. ಹನ್ನೆರಡರಿಂದ ಎರಡರ ತನಕ ಸಮುದ್ರ. ಎರಡೂವರೆಗೆ ಹೊರಟರೆ ಕತ್ತಲಾಗುವ ಮೊದಲು ಘಟ್ಟ ಹತ್ತಿ ಮುಗಿಯುತ್ತದೆ. ಪ್ರತಿಯೊಬ್ಬರಿಂದ ಎಷ್ಟು ವಂತಿಗೆ, ಡೀಸೆಲ್ಲಿಗೆ ಎಷ್ಟು, ಎಲ್ಲವೂ ಅಪ್ಪನ ಪದ್ಧತಿಯಂತೆ ಜಮಾ-ಖರ್ಚಿನ ಎರಡು ಕಲಮಿನಲ್ಲಿ.

ರೂಢಿಯ ಪ್ರಕಾರ ಗೋಕರ್ಣದಲ್ಲಿ ಮೊದಲು ಸಮುದ್ರಸ್ನಾನ, ನಂತರ ಕೋಟಿತೀರ್ಥ, ಆಮೇಲೆ ದರ್ಶನ. ನಾನು ಅದನ್ನು ತಿರುಗಿಸಿದ್ದೆ. ಒದ್ದೆ ಬಟ್ಟೆಯ ರಗಳೆ ತಪ್ಪುತ್ತದೆ ಎಂದು. ಅದು ಜಾಣತನ ಎಂದುಕೊಂಡಿದ್ದೆ.

ನಮ್ಮ ಚಿಗವ್ವ ಅವತ್ತು ಮೊದಲ ಸಲ ಸಮುದ್ರ ನೋಡಿದಳು. ಗಂಡ ತೀರಿಹೋಗಿ, ತೊಟ್ಟು ಮುರಿಯುವ ಕೂಲಿಯಲ್ಲಿ ಮಗನನ್ನು ಸಾಕುತ್ತಿದ್ದವಳು. ಸೀರೆಯನ್ನು ಹಿಮ್ಮಡಿಯ ಮೇಲಕ್ಕೆ ಎತ್ತಿ ಹಿಡಿದು ನೀರಿನ ಅಂಚಿನಲ್ಲಿ ನಿಂತಳು. ಎರಡೂ ಅಂಗೈಯನ್ನು ನೀರಿನಲ್ಲಿ ಅದ್ದಿ, ‘ಉರಿ ಹೋತು ನೋಡವಾ’ ಎಂದು ಪಕ್ಕದವಳಿಗೆ ಹೇಳಿದಳು. ಆ ದಿನದ ನನ್ನ ನೆನಪಿನಲ್ಲಿ ಒಳ್ಳೆಯದು ಅದೇ.

ಹನ್ನೆರಡಕ್ಕೆ ನೀರಿಗೆ ಇಳಿಯಬೇಕಾದವರು ಇಳಿದಾಗ ಒಂದು ಗಂಟೆ. ದರ್ಶನದ ಸಾಲು ಉದ್ದವಿತ್ತು. ಉಳಿದದ್ದು ಒಂದೇ ಗಂಟೆ. ಮಕ್ಕಳು ಊಟದ ಎಲೆಯಿಂದ ಎದ್ದವರೇ ಓಡಿದರು. ನಾನು ದಂಡೆಯಗುಂಟ ಹೋಗಿ ಜಾಗ ನೋಡಿದೆ. ಎಲ್ಲ ಕಡೆ ಅಲೆ ಒಡೆದು ನೊರೆ ಏಳುತ್ತಿತ್ತು. ಒಂದು ಕಡೆ ಮಾತ್ರ ಹತ್ತಿಪ್ಪತ್ತು ಹೆಜ್ಜೆ ಅಗಲಕ್ಕೆ ನೀರು ಸಪಾಟಾಗಿ, ಸ್ವಲ್ಪ ಕಪ್ಪಗೆ, ಕೆರೆಯಂತೆ ಇತ್ತು. ‘ಇಲ್ಲೇ ಆಡ್ರಿ, ಇಲ್ಲೆ ಅಲೆ ಇಲ್ಲ’ ಎಂದು ಕೈಮಾಡಿ ತೋರಿಸಿದವನು ನಾನೇ.

ಐದು ನಿಮಿಷವೂ ಆಗಿರಲಿಲ್ಲ. ಚಿಗವ್ವನ ಮಗ, ಹದಿನಾಲ್ಕರ ಹುಡುಗ, ನಮ್ಮೂರ ಕೆರೆಯಲ್ಲಿ ಈಜು ಕಲಿತವನು, ನೋಡುನೋಡುತ್ತಿದ್ದಂತೆ ದೂರ ಸರಿಯತೊಡಗಿದ. ಅವನು ದಂಡೆಯ ಕಡೆಗೇ ಕೈ ಬಡಿಯುತ್ತಿದ್ದ. ಬಡಿದಷ್ಟೂ ದೂರವಾಗುತ್ತಿದ್ದ. ನನ್ನ ಬಾಯಿಂದ ಕೂಗು ಹೊರಡಲಿಲ್ಲ. ದೋಣಿಯ ನೆರಳಿನಲ್ಲಿ ಬಲೆ ಸರಿಮಾಡುತ್ತ ಕೂತಿದ್ದ ಒಬ್ಬರು ಎದ್ದು ಓಡಿದರು. ಅವರು ನೇರ ಹುಡುಗನ ಕಡೆಗೆ ಹೋಗಲಿಲ್ಲ. ಪಕ್ಕದ ನೊರೆಯಲ್ಲಿ ಇಳಿದು ಓರೆಯಾಗಿ ಈಜಿ ಅವನನ್ನು ಹಿಡಿದರು. ಬರುವಾಗಲೂ ನೇರ ಬರದೆ ದಂಡೆಗೆ ಸಮಾನಾಂತರವಾಗಿ ಬದಿಗೆ ಎಳೆದುಕೊಂಡು ಹೋಗಿ, ಅಲೆ ಒಡೆಯುವ ಕಡೆಯಿಂದ ಅಲೆಯ ಜೊತೆಗೇ ದಡಕ್ಕೆ ತಂದರು. ಹುಡುಗ ಉಪ್ಪುನೀರು ಕಾರಿದ, ಅತ್ತ, ಕುಳಿತ. ಅವರು ನನ್ನ ಮುಖ ನೋಡಿ ಹೇಳಿದ್ದಿಷ್ಟು: ‘ಅಲೆ ಇಲ್ಲ ಅಂತ ಇಲ್ಲಿ ಇಳಿಸಿದ್ರಾ ಮಾರಾಯ್ರೆ? ಅಲೆ ಒಡೀದೆ ಇದ್ದಲ್ಲೇ ನೀರು ಹೊರಗೆ ಹೋಗ್ತದೆ.’ ಮತ್ತೆ ಹೋಗಿ ಬಲೆಯ ಮುಂದೆ ಕೂತರು.

ನೋಡಿದವರು ನಾವು ಐದು ಜನ. ಹೆಂಗಸರೆಲ್ಲ ಆಚೆ ಸೀರೆ ಒಣಗಿಸುತ್ತಿದ್ದರು. ‘ಮನ್ಯಾಗ ಯಾರೂ ಬಾಯಿ ಬಿಡಬ್ಯಾಡ್ರಿ’ ಎಂದೆ. ಎರಡೂವರೆಗೆ ಸರಿಯಾಗಿ ಮೆಟಡಾರ್ ಹೊರಟಿತು. ರಾತ್ರಿ ಅಪ್ಪನಿಗೆ ಲೆಕ್ಕ ಒಪ್ಪಿಸಿದೆ. ತಾಳೆಯಾಯಿತು. ಉಳಿದ ಹನ್ನೆರಡೂವರೆ ರೂಪಾಯಿಯನ್ನು ಅವನು ಮೇಜಿನ ಮೇಲಿಟ್ಟು, ಯಾವತ್ತೂ ಹೊಗಳದವನು, ಬಂದವರಿಗೆಲ್ಲ ಹೇಳಿದ: ‘ಹದಿನೆಂಟು ಮಂದಿ ಹೋದ್ರು, ಹದಿನೆಂಟು ಮಂದಿ ಬಂದ್ರು.’

ಎರಡು ವರ್ಷದ ಮೇಲೆ ಹಿಂದಿನ ಓಣಿಯ ಮಾಸ್ತರರು ಮನೆಗೆ ಬಂದರು. ಮನೆಪಾಠಕ್ಕೆ ಬರುವ ಹುಡುಗರನ್ನು ಸಮುದ್ರಕ್ಕೆ ಕರೆದೊಯ್ಯಬೇಕಂತೆ. ನನ್ನ ಹಾಳೆ ಬೇಕು ಎಂದರು. ನಾನು ಅದನ್ನು ದುಂಡಗೆ ನಕಲು ಮಾಡಿ ಕೊಟ್ಟೆ. ದಾರಿ, ಹೊತ್ತು, ಚಹಾದ ಅಂಗಡಿ, ಬುತ್ತಿ ಬಿಚ್ಚಲು ನೆರಳಿರುವ ಜಾಗ. ಕೊನೆಗೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಿದ್ದು ನೆನಪಿದೆ. ಬಲೆಯ ಮನುಷ್ಯ ಹೇಳಿದ ಆ ಒಂದು ಸಾಲು ಬರೆಯಬಹುದಿತ್ತು. ಬರೆದರೆ ‘ನಿನಗ ಹೆಂಗ ಗೊತ್ತಾತು?’ ಎಂದು ಅವರು ಕೇಳುತ್ತಿದ್ದರು. ಬರೆಯಲಿಲ್ಲ.

ಮಾಸ್ತರರ ತಯಾರಿ ನನ್ನದಕ್ಕಿಂತ ಎಷ್ಟೋ ಮೇಲು. ಹಗ್ಗ ಒಯ್ದಿದ್ದರು, ಗಾಳಿ ತುಂಬಿದ ಟ್ಯೂಬು ಒಯ್ದಿದ್ದರು, ಹಾಜರಿ ಪಟ್ಟಿ ಒಯ್ದಿದ್ದರು. ಅವರು ಹೋದದ್ದು ಬೇರೆ ಕಡಲತೀರಕ್ಕೆ. ಇಪ್ಪತ್ತೆರಡು ಹುಡುಗರು ಹೋದರು, ಇಪ್ಪತ್ತೊಂದು ಹುಡುಗರು ಬಂದರು.

ಊರು ಆಮೇಲೆ ಮಾಸ್ತರರನ್ನು ಹೇಗೆ ನೋಡಿತು ಎಂದು ವಿವರಿಸಲಾರೆ. ಮನೆಪಾಠ ನಿಂತಿತು. ಅವರು ದಾರಿಯಲ್ಲಿ ಬಂದರೆ ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು. ಮರುವರ್ಷ ಬೇರೆ ತಾಲೂಕಿಗೆ ವರ್ಗ ಮಾಡಿಸಿಕೊಂಡು ಹೋದರು. ಕಟ್ಟೆಯ ಮೇಲಿನ ಮಾತಿನಲ್ಲಿ ಅವರ ಪಕ್ಕಕ್ಕೆ ನನ್ನನ್ನು ನಿಲ್ಲಿಸುತ್ತಿದ್ದರು: ‘ಗುಮಾಸ್ತರ ಹುಡುಗ ಒಯ್ದಿದ್ದ ನೋಡ್ರಿ, ಒಬ್ಬರ ಕೂದಲೂ ಕೊಂಕಲಿಲ್ಲ. ಎಲ್ಲಾ ಪ್ಲಾನ್ ಮ್ಯಾಲೆ ಇರತೈತಿ.’ ನಾನು ತಲೆ ಬಗ್ಗಿಸಿ ಕೇಳುತ್ತಿದ್ದೆ. ಅದನ್ನು ಜನ ವಿನಯ ಎಂದುಕೊಂಡರು. 1997ರಲ್ಲಿ ನಾನು ಕೆಲಸ ಹುಡುಕಿಕೊಂಡು ಮುಂಬೈಗೆ ಬಂದೆ.

ಇಷ್ಟು ಕಥೆ. ಇನ್ನು ನನ್ನನ್ನು ಬಿಡದ ಪ್ರಶ್ನೆ.

ಎಚ್ಚರ ಹೆಚ್ಚಿದ್ದವರು ಮಾಸ್ತರರು, ಅಜಾಗರೂಕ ನಾನು. ಹಾಗಿದ್ದೂ ಹೊಗಳಿಕೆ ನನಗೆ, ಕಳಂಕ ಅವರಿಗೆ. ನಡುವಿನ ವ್ಯತ್ಯಾಸ ದೋಣಿಯ ನೆರಳಿನಲ್ಲಿ ಒಬ್ಬ ಮನುಷ್ಯ ಕೂತಿದ್ದನೋ ಇಲ್ಲವೋ ಎಂಬುದಷ್ಟೇ. ತನ್ನ ಕೈಯಲ್ಲಿಲ್ಲದ ಸಂಗತಿಗೆ ಒಬ್ಬ ಮನುಷ್ಯನನ್ನು ಒಳ್ಳೆಯವ, ಕೆಟ್ಟವ ಎಂದು ತೂಗಬಹುದೇ?

ಒಳ್ಳೆಯ ಸಂಕಲ್ಪದ ಬೆಲೆ ಅದರ ಫಲದಿಂದ ಹೆಚ್ಚೂ ಆಗದು, ಕಡಿಮೆಯೂ ಆಗದು ಎಂದು ಕಾಂಟ್ ವಾದಿಸಿದ. ಕೆಲಸದ ಮೇಲೆ ಅಧಿಕಾರ, ಫಲದ ಮೇಲಿಲ್ಲ ಎಂಬ ಗೀತೆಯ ಮಾತು ನಮ್ಮ ಕಟ್ಟೆಯ ಮೇಲೆ ಕೂತವರಿಗೆಲ್ಲ ಬಾಯಿಪಾಠ. ಮಾಸ್ತರರ ಮನೆಗೆ ಹೋಗಿ ಅದನ್ನು ಹೇಳಿ ಬಂದವರೂ ಇದ್ದರು. ಅವರಿಗೆ ಅದರಿಂದ ಸಮಾಧಾನ ಸಿಗಲಿಲ್ಲ. ಹೇಳಿದವರೇ ತಮ್ಮ ಮಕ್ಕಳನ್ನು ಮತ್ತೆ ಅವರ ಹತ್ತಿರ ಕಳಿಸಲಿಲ್ಲ.

1976ರಲ್ಲಿ ಇಂಗ್ಲೆಂಡಿನ ಬರ್ನಾರ್ಡ್ ವಿಲಿಯಮ್ಸ್ ಮತ್ತು ಅಮೆರಿಕದ ಥಾಮಸ್ ನೇಗಲ್ ಎಂಬ ಇಬ್ಬರು ತತ್ತ್ವಜ್ಞಾನಿಗಳು ಒಂದೇ ಶೀರ್ಷಿಕೆಯಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡರು: ‘ಮಾರಲ್ ಲಕ್’. ನೈತಿಕ ಅದೃಷ್ಟ ಎನ್ನಬಹುದು. ಮಗುವೊಂದು ಅಡ್ಡ ಬಂದು ತನ್ನದೇನೂ ತಪ್ಪಿಲ್ಲದೆ ಅದರ ಸಾವಿಗೆ ಕಾರಣನಾದ ಲಾರಿ ಚಾಲಕನ ಬಗ್ಗೆ ವಿಲಿಯಮ್ಸ್ ಬರೆಯುತ್ತಾನೆ. ಅವನಿಗೆ ‘ನಿನ್ನ ತಪ್ಪಿಲ್ಲ’ ಎಂದು ನಾವು ಹೇಳುತ್ತೇವೆ, ಹೇಳಲೇಬೇಕು. ಆದರೆ ಅವನು ಅದನ್ನು ತಕ್ಷಣ ಒಪ್ಪಿಕೊಂಡು ಊಟಕ್ಕೆ ಕೂತರೆ ಅವನ ಬಗ್ಗೆ ನಮಗೇ ಅನುಮಾನ ಬರುತ್ತದೆ. ನೇಗಲ್ ಇನ್ನೊಂದು ಜೋಡಿಯನ್ನು ಇಡುತ್ತಾನೆ: ಕುಡಿದು ಗಾಡಿ ಓಡಿಸಿ ಪಾದಚಾರಿ ದಾರಿಯ ಮೇಲೆ ನುಗ್ಗಿದ ಇಬ್ಬರು. ಒಬ್ಬನ ದಾರಿಯಲ್ಲಿ ಜನರಿದ್ದರು, ಇನ್ನೊಬ್ಬನ ದಾರಿಯಲ್ಲಿ ಇರಲಿಲ್ಲ. ಮಾಡಿದ್ದು ಒಂದೇ, ಲೋಕ ಕೊಡುವ ಹೆಸರು ಬೇರೆ.

ಇವನ್ನು ಓದಿದಾಗ ನನಗೆ ಒಂದು ಬಗೆಯ ಬಿಡುಗಡೆ ಅನ್ನಿಸಿತ್ತು. ಊರಿನ ತೀರ್ಪು ಅನ್ಯಾಯದ್ದು ಎಂದು ಪುಸ್ತಕವೇ ಹೇಳಿತಲ್ಲ! ಆದರೆ ಆ ಬಿಡುಗಡೆ ಹೆಚ್ಚು ದಿನ ಬಾಳಲಿಲ್ಲ. ಅದೃಷ್ಟದ ಮಾತು ಮುಗಿಯುವುದು ಹುಡುಗ ದಡ ಸೇರಿದ ಕ್ಷಣಕ್ಕೆ. ಅದಾದ ಮೇಲೆ ‘ಯಾರೂ ಬಾಯಿ ಬಿಡಬ್ಯಾಡ್ರಿ’ ಎಂದದ್ದು ಅದೃಷ್ಟವಲ್ಲ. ಎರಡು ವರ್ಷದ ನಂತರ ಪೆನ್ನು ಕೆಳಗಿಟ್ಟದ್ದೂ ಅದೃಷ್ಟವಲ್ಲ. ಯಾರಿಗೂ ಏನೂ ಆಗದ ಆ ಎರಡನೆಯ ಚಾಲಕ ಮರುದಿನದಿಂದ ಏನು ಮಾಡಬೇಕು? ಬಚಾವಾದವನ ಮೇಲೆ ಯಾವ ಋಣ ಉಳಿಯುತ್ತದೆ? ನನಗೆ ಬೇಕಾದ ಪ್ರಶ್ನೆ ಇದು ಎಂದು ಬಹಳ ತಡವಾಗಿ ತಿಳಿಯಿತು.

ತಿಳಿದದ್ದು ನನ್ನ ಹೊಟ್ಟೆಪಾಡಿನ ಕೆಲಸದಿಂದ. ಇಲ್ಲಿ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ‘ನಿಯರ್ ಮಿಸ್’ ರಿಜಿಸ್ಟರ್ ಎಂದು ಇರುತ್ತದೆ. ಮೇಲಿನ ಅಂತಸ್ತಿನಿಂದ ಸ್ಪ್ಯಾನರ್ ಬಿತ್ತು, ಕೆಳಗೆ ಯಾರೂ ಇರಲಿಲ್ಲ. ಬರೆಯಬೇಕು. ಯಾರಿಗೂ ಪೆಟ್ಟಾಗಲಿಲ್ಲವಲ್ಲ ಎಂದು ಬಿಡುವಂತಿಲ್ಲ. ಹೊಸದಾಗಿ ಸೇರಿದವರಿಗೆ ಇದನ್ನು ಒಪ್ಪಿಸುವುದೇ ಕಷ್ಟ. ಅವರಿಗೆ ಹೇಳಲು ನನ್ನ ಹತ್ತಿರ ಒಂದು ನಿಜಸಂಗತಿ ಇದೆ. 1974ರ ಡಿಸೆಂಬರ್ 1ರಂದು ಅಮೆರಿಕದ ವಾಷಿಂಗ್ಟನ್ ಹತ್ತಿರ ಡಲ್ಲೆಸ್ ವಿಮಾನ ನಿಲ್ದಾಣಕ್ಕೆ ಇಳಿಯಲು ಬರುತ್ತಿದ್ದ ವಿಮಾನವೊಂದು ಗುಡ್ಡಕ್ಕೆ ಬಡಿದು 92 ಜನ ಸತ್ತರು. ಅದಕ್ಕೆ ಸುಮಾರು ಆರು ವಾರ ಮೊದಲು ಇನ್ನೊಂದು ಕಂಪನಿಯ ವಿಮಾನ ಅದೇ ಇಳಿದಾರಿಯಲ್ಲಿ ಅದೇ ತಪ್ಪು ತಿಳಿವಳಿಕೆಯಿಂದ ಕೆಳಗಿಳಿದು, ಕೂದಲೆಳೆಯಲ್ಲಿ ಬಚಾವಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳಿಗೆ ಎಚ್ಚರಿಕೆ ಹೇಳಿತ್ತು. ಬೇರೆ ಕಂಪನಿಗಳವರಿಗೆ ಆ ಮಾತು ಮುಟ್ಟಿರಲಿಲ್ಲ. ಆಮೇಲೆ, ಶಿಕ್ಷೆಯ ಭಯವಿಲ್ಲದೆ ತಪ್ಪಿದ ಅನಾಹುತವನ್ನು ಯಾರು ಬೇಕಾದರೂ ಬರೆದು ಕಳಿಸಬಹುದಾದ ವ್ಯವಸ್ಥೆಯನ್ನು ಅಲ್ಲಿ ಕಟ್ಟಿದರು. ನಾಸಾ ಅದನ್ನು ನಡೆಸುತ್ತದೆ. ಶುರುವಾದದ್ದು 1976ರಲ್ಲಿ. ಆ ಇಬ್ಬರು ತತ್ತ್ವಜ್ಞಾನಿಗಳು ಅದೃಷ್ಟದ ಪ್ರಶ್ನೆ ಎತ್ತಿದ ವರ್ಷವೇ.

ಈ ಕಥೆಯನ್ನು ನಾನು ನೂರಾರು ಹುಡುಗರಿಗೆ ಹೇಳಿದ್ದೇನೆ. ‘ತಪ್ಪಿದ ಅನಾಹುತ ನಿಮ್ಮ ಸ್ವಂತದ್ದಲ್ಲ, ಮುಂದೆ ಬರುವವನದ್ದು’ ಎಂದು ಗಟ್ಟಿಯಾಗಿ ಹೇಳಿದ್ದೇನೆ. ಹೇಳುವಾಗ ನನ್ನ ಕೀರ್ದಿ ಹಾಳೆ ನೆನಪಾಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಇದಕ್ಕೆ ಒಂದು ಎದುರು ಮಾತಿದೆ. ಅದು ಹಗುರವಾದದ್ದಲ್ಲ. 1994ರಲ್ಲಿ ನಾನು ಮನೆಗೆ ಬಂದು ನಿಜ ಹೇಳಿದ್ದರೆ ಏನಾಗುತ್ತಿತ್ತು? ನನ್ನ ಅಪ್ಪ ಇನ್ನೊಮ್ಮೆ ಯಾರನ್ನೂ ಕಳಿಸುತ್ತಿರಲಿಲ್ಲ. ಮೊದಲು ಬಾಗಿಲು ಮುಚ್ಚುತ್ತಿದ್ದುದು ಹೆಂಗಸರಿಗೆ, ಹುಡುಗಿಯರಿಗೆ. ಚಿಗವ್ವನ ಅಂಗೈಯ ಉರಿ ಹೋದದ್ದನ್ನು ನೋಡಿದ್ದ ನನಗೆ ಅದು ಬೇಡವಾಗಿತ್ತು. ಆ ಮೌನದಲ್ಲಿ ಹೆದರಿಕೆ, ಹೊಗಳಿಕೆಯ ಆಸೆ ಇದ್ದ ಹಾಗೇ ಇದೂ ಇತ್ತು. ಯಾವುದು ಎಷ್ಟು ಪಾಲು ಎಂದು ಈಗ ತೂಗಲಾರೆ. ನಮ್ಮೂರುಗಳಲ್ಲಿ ಒಂದು ಅನಾಹುತದ ಸುದ್ದಿಯನ್ನು ನೂರು ಜನರನ್ನು ಮನೆಯಲ್ಲಿ ಕೂಡಿಸಲು ಬಳಸುತ್ತಾರೆ ಎಂಬುದು ಸುಳ್ಳಲ್ಲ.

ಆದರೆ ಹೆದರಿಕೆಯಲ್ಲೂ ಎರಡು ಜಾತಿ ಎಂದು ಈಗ ನನಗೆ ಅನ್ನಿಸುತ್ತದೆ. ‘ಸಮುದ್ರ ಅಪಾಯ’ ಎಂಬುದು ಬಾಗಿಲು ಮುಚ್ಚುವ ಮಾತು. ‘ಅಲೆ ಒಡೆಯದ ಜಾಗ ಅಪಾಯ’ ಎಂಬುದು ಕರೆದುಕೊಂಡು ಹೋಗಲು ಬೇಕಾದ ಮಾತು. ವಿವರವಿಲ್ಲದ ಭಯ ಮನೆಯಲ್ಲಿ ಕೂರಿಸುತ್ತದೆ, ವಿವರವಿದ್ದದ್ದು ಪ್ಲಾನ್ ಆಗುತ್ತದೆ. ಮುಚ್ಚಿಟ್ಟವನು ಜನರನ್ನು ಭಯದಿಂದ ಕಾಪಾಡುವುದಿಲ್ಲ. ಮುಂದೆ ಒಂದು ದಿನ ವಿವರವಿಲ್ಲದ ಭಯಕ್ಕೆ ಅವರನ್ನು ಒಪ್ಪಿಸುತ್ತಾನೆ, ಅಷ್ಟೆ. ನಮ್ಮೂರಲ್ಲಿ ಆದದ್ದು ಅದೇ. ಆ ಹುಡುಗನ ಸಾವಿನ ನಂತರ ಓಣಿಯಿಂದ ಎಷ್ಟೋ ವರ್ಷ ಯಾರೂ ಸಮುದ್ರಕ್ಕೆ ಹೋಗಲಿಲ್ಲ.

ವಿವರಗಳು ಇವು. ಅಲೆಗಳು ದಡಕ್ಕೆ ತಂದು ಹಾಕುವ ನೀರು ಎಲ್ಲಿಂದಾದರೂ ವಾಪಸ್ ಹೋಗಲೇಬೇಕು. ಅದು ತಗ್ಗು ಹುಡುಕಿ, ಸಣ್ಣ ಹೊಳೆಯಂತೆ ಹೊರಕ್ಕೆ ಹರಿಯುತ್ತದೆ. ಆ ಪಟ್ಟಿಯಲ್ಲಿ ಅಲೆ ಒಡೆಯುವುದು ಕಡಿಮೆ. ಹಾಗಾಗಿ ತಿಳಿಯದವರ ಕಣ್ಣಿಗೆ ಅದೇ ಶಾಂತ ಜಾಗ. ಅದರ ವೇಗ ಸೆಕೆಂಡಿಗೆ 2 ಮೀಟರ್ ದಾಟುವುದೂ ಉಂಟು. ಎಂಥ ಈಜುಗಾರನೂ ಅದರ ಎದುರು ನೇರ ಈಜಲಾರ. ಅದು ಕೆಳಗೆ ಎಳೆಯುವುದಿಲ್ಲ, ಹೊರಗೆ ಎಳೆಯುತ್ತದೆ. ಗಾಬರಿಯಾಗದೆ ತೇಲುತ್ತ, ದಂಡೆಗೆ ಸಮಾನಾಂತರವಾಗಿ ಬದಿಗೆ ಸರಿದರೆ ಅದರ ಹಿಡಿತ ಬಿಡುತ್ತದೆ. ಇಳಿತದ ಹೊತ್ತಿಗೆ ಈ ಸೆಳೆತ ಸಾಮಾನ್ಯವಾಗಿ ಜೋರು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಮಾವಾಸ್ಯೆಯ ಸಮುದ್ರಸ್ನಾನಕ್ಕೆಂದೇ ಹೋಗುವವರು ಇದನ್ನು ತಿಳಿದಿರಬೇಕು. ಉಬ್ಬರ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಕರಾವಳಿಯ ಮಕ್ಕಳಿಗೆ ಇದೆಲ್ಲ ಕೂತಲ್ಲಿ ನಿಂತಲ್ಲಿ ತಿಳಿಯುತ್ತದೆ. ನಮಗೆ ಯಾರಾದರೂ ಹೇಳಬೇಕು.

ಇನ್ನೊಂದು ಅಪಾಯ ಸಮುದ್ರದ್ದಲ್ಲ, ನಮ್ಮ ಒಂದು ದಿನದ್ದು. ಕರಾವಳಿಯವನಿಗೆ ನೀರು ಸರಿಯಿಲ್ಲದಿದ್ದರೆ ನಾಳೆ ಇದೆ. ಒಳನಾಡಿನಿಂದ ಬೆಳಗಾಗುವ ಮೊದಲೇ ಹೊರಟು ಬಂದವನಿಗೆ ನಾಳೆ ಇಲ್ಲ. ದುಡ್ಡು ಕೊಟ್ಟಾಗಿದೆ, ಗಾಡಿ ಎರಡೂವರೆಗೆ ಹೊರಡುತ್ತದೆ, ಉಳಿದದ್ದು ಒಂದು ಗಂಟೆ. ಅವನು ಎಂಥ ನೀರಿದ್ದರೂ ಇಳಿಯುತ್ತಾನೆ. ಆ ಅವಸರವನ್ನು ಹುಟ್ಟಿಸಿದ್ದು ನನ್ನ ಹಾಳೆ. ಹಿಂದಿನವರ ಕ್ರಮದಂತೆ ಮೊದಲು ಸಮುದ್ರ, ಆಮೇಲೆ ದೇವರು ಎಂದಿದ್ದರೆ ಮಕ್ಕಳಿಗೆ ಬೆಳಗಿನ ನಾಲ್ಕು ತಾಸು ಸಿಗುತ್ತಿತ್ತು. ಪ್ಲಾನ್ ಮಾಡುವವನು ನಿಮಿಷಗಳನ್ನು ಹಂಚುವಾಗ ಜನರ ತಾಳ್ಮೆಯನ್ನೂ ಹಂಚುತ್ತಿರುತ್ತಾನೆ. ನಾನು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಬ್ಬಕ್ಕೆ ಎರಡು ದಿನ ಮೊದಲೇ ಊರಿಗೆ ಹೋಗಿ, ಮಾಸ್ತರರನ್ನು ಹುಡುಕಿಕೊಂಡು ಹೋದೆ. ನಿವೃತ್ತರಾಗಿ ಮಗಳ ಮನೆಯಲ್ಲಿದ್ದಾರೆ. ಎಪ್ಪತ್ತೈದರ ಮೇಲಾಗಿದೆ. ಎಲ್ಲವನ್ನೂ ಹೇಳಿದೆ. ಹುಡುಗ ತೇಲಿಹೋದದ್ದು, ಬಾಯಿ ಮುಚ್ಚಿಸಿದ್ದು, ಅವರಿಗೆ ಕೊಟ್ಟ ನಕಲಿನಲ್ಲಿ ಆ ಸಾಲು ಬಿಟ್ಟದ್ದು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು:

‘ಅವತ್ತ ನೀ ಹುಡುಗೂರ್ನ ಎಷ್ಟ ಸಲ ಎಣಿಸಿದ್ದಿ?’

‘ಎಣಿಸಿದ್ದಿಲ್ಲ ಸರ್.’

‘ನಾ ಆರು ಸಲ ಎಣಿಸಿದ್ದೆ’ ಎಂದರು.

ಅದಕ್ಕೆ ನನ್ನ ಬಳಿ ಏನೂ ಉತ್ತರವಿರಲಿಲ್ಲ. ಆ ಒಂದು ಸಾಲು ಬರೆದಿದ್ದರೆ ಆ ಹುಡುಗ ಉಳಿಯುತ್ತಿದ್ದನೇ ಎಂಬುದಕ್ಕೂ ಉತ್ತರವಿಲ್ಲ. ಬೇರೆ ದಡ, ಬೇರೆ ನೀರು. ಅವರು ಅದನ್ನು ಕೇಳಲೂ ಇಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. ಹೊರಡುವಾಗ, ‘ಈ ಸಲ ಹಾಳಿ ಬರೀತಿಯಲ್ಲಾ, ಅದನ್ನ ಮೊದಲನೇ ಸಾಲಿನ್ಯಾಗ ಬರಿ. ಕಡೀಕ ಬರದ್ರ ಯಾರೂ ಓದಂಗಿಲ್ಲ’ ಎಂದರು. ಮೇಷ್ಟರ ಮಾತು.

ಹಾಗೇ ಬರೆದೆ. ಮೊದಲನೇ ಸಾಲು: ‘1994ರಲ್ಲಿ ನನ್ನ ತಪ್ಪಿನಿಂದ ಒಬ್ಬ ಹುಡುಗ ಮುಳುಗುವುದರಲ್ಲಿದ್ದ.’ ಅದರ ಕೆಳಗೆ ವಿವರ. ಅದರ ಕೆಳಗೆ ದಾರಿ, ಹೊತ್ತು, ಬುತ್ತಿ. ಈಗ ಉಬ್ಬರ-ಇಳಿತದ ಹೊತ್ತು ಫೋನಿನಲ್ಲೇ ಸಿಗುತ್ತದೆ. ದಡದಲ್ಲಿ ಜೀವರಕ್ಷಕರಿದ್ದಾರೆ, ಕೆಂಪು ಬಾವುಟ ಇದ್ದರೆ ಇಳಿಯುವುದಿಲ್ಲ, ಇಳಿಯದೆ ವಾಪಸ್ ಬಂದರೂ ಪ್ರವಾಸ ಪೂರ್ತಿಯಾದಂತೆಯೇ ಎಂದೂ ಬರೆದೆ. ನಸುಕಿನಲ್ಲಿ ಗಾಡಿ ಬಿಟ್ಟ ಮೇಲೆ, ಹಾನಗಲ್ ದಾಟಿದಾಗ, ಅಣ್ಣನ ಮಗಳು ಮೊಬೈಲ್ ಬೆಳಕಿನಲ್ಲಿ ಅದನ್ನು ಎಲ್ಲರಿಗೂ ಕೇಳುವಂತೆ ಓದಿದಳು. ಮೊದಲ ಸಾಲಿಗೇ ಗಾಡಿ ಸ್ತಬ್ಧವಾಯಿತು.

ಎದುರಿನ ಸೀಟಿನಲ್ಲಿ ಚಿಗವ್ವ ಇದ್ದಳು. ಪಕ್ಕದಲ್ಲಿ ಅವಳ ಮಗ, ಈಗ ನಲವತ್ತು ದಾಟಿದವನು. ‘ಅಂವಾ ಯಾರು?’ ಎಂದಳು. ಯಾರೂ ಹೇಳಲಿಲ್ಲ. ಅವಳೇ ಮಗನ ಮುಖ ನೋಡಿದಳು. ಅವನು ಕಿಟಕಿಯ ಕಡೆ ತಿರುಗಿದ. ಶಿರಸಿ ಬರುವ ತನಕ ಅವಳು ನನ್ನ ಜೊತೆ ಮಾತಾಡಲಿಲ್ಲ. ಚಹಾ ಕುಡಿಯುವಾಗ ಹತ್ತಿರ ಬಂದು ಕೇಳಿದ್ದು ಒಂದೇ: ‘ಆ ಮನಷ್ಯಾಗ ಏನರ ಕೊಟ್ಟಿದ್ರೇನು?’

ಕೊಟ್ಟಿರಲಿಲ್ಲ. ಹೆಸರನ್ನೂ ಕೇಳಿರಲಿಲ್ಲ. ಹನ್ನೆರಡೂವರೆ ರೂಪಾಯಿ ಉಳಿಸಿಕೊಂಡು ಬಂದಿದ್ದೆ. ಘಟನೆಯನ್ನೇ ಅಳಿಸಿದ ಮೇಲೆ ಅದರೊಳಗಿನ ಮನುಷ್ಯನೂ ಅಳಿಸಿಹೋಗಿದ್ದ. ನನ್ನ ಮೌನ ಮಾಸ್ತರರಿಗೆ ಒಂದು ಸಾಲು ಬಾಕಿ ಇಟ್ಟಿತ್ತು ಎಂದಷ್ಟೇ ಅಂದುಕೊಂಡಿದ್ದೆ. ಒಬ್ಬ ತಾಯಿ ಕೈಮುಗಿಯಬೇಕಾದ ಮನುಷ್ಯನನ್ನೂ ಅವಳಿಂದ ಮೂವತ್ತು ವರ್ಷ ಮರೆಮಾಡಿತ್ತು.

ಗೋಕರ್ಣದಲ್ಲಿ ಮೊದಲು ದಂಡೆಯ ಮೇಲೆ ಅರ್ಧ ತಾಸು ಸುಮ್ಮನೆ ಕೂತು ನೀರು ನೋಡಿದೆವು. ಎಲ್ಲಿ ಅಲೆ ಒಡೆಯುತ್ತದೆ, ಎಲ್ಲಿ ಒಡೆಯುವುದಿಲ್ಲ ಎಂದು ಮಕ್ಕಳೇ ಹುಡುಕಿದರು. ಜೀವರಕ್ಷಕ ಹುಡುಗನನ್ನು ಕೇಳಿಕೊಂಡು ಇಳಿದರು. ಚಿಗವ್ವ ಬುತ್ತಿಯಿಂದ ನಾಲ್ಕು ರೊಟ್ಟಿ, ಹಿಂಡಿ ಕಟ್ಟಿಕೊಂಡು ದೋಣಿಗಳ ಕಡೆ ಹೋದಳು. ಅಲ್ಲಿ ಕೂತಿದ್ದ ವಯಸ್ಸಾದ ಒಬ್ಬರಿಗೆ ಕೊಟ್ಟು ಏನೋ ಹೇಳುತ್ತ ನಿಂತಳು. ‘ಅವರ ಅಂತ ಹೆಂಗ ಗೊತ್ತು ಅಜ್ಜಿ?’ ಎಂದು ಅಣ್ಣನ ಮಗಳು ಕೇಳಿದಳು. ‘ಅಂವಾ ಅಲ್ಲದಿದ್ರ ಅವನ ಪೈಕಿ ಯಾರರ ಇರತಾರ’ ಎಂದಳು.

ರಾತ್ರಿ ಹತ್ತಕ್ಕೆ ಊರು ಮುಟ್ಟಿದೆವು. ಹದಿನಾಲ್ಕು ಮಂದಿ ಹೋಗಿದ್ದೆವು, ಹದಿನಾಲ್ಕು ಮಂದಿ ಬಂದೆವು. ಅಣ್ಣನ ಮಗಳು ಒಂಬತ್ತು ಸಲ ಎಣಿಸಿದ್ದಳು. ಮರುದಿನ ಹಾಳೆಯನ್ನು ತನ್ನ ಹತ್ತಿರ ಇಟ್ಟುಕೊಳ್ಳುತ್ತೇನೆ ಎಂದು ಇಸಿದುಕೊಂಡವಳು, ಕೆಳಗೆ ತನ್ನ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದಳು: ‘ಕೋಟಿತೀರ್ಥದ ಮೆಟ್ಟಿಲ ಮೇಲೆ ಪಾಚಿ ಇತ್ತು. ಅಜ್ಜಿ ಜಾರಿದಳು, ನಾನು ಹಿಡಿದುಕೊಂಡೆ. ಏನೂ ಆಗಲಿಲ್ಲ. ಮುಂದೆ ಹೋಗುವವರು ನೋಡಿಕೊಂಡು ಇಳಿಯಿರಿ.’